ನಾನು ನೋಡದ ಎನ್‌ಕೌಂಟರ್

ಅಫಜಲಪುರದ ಕಡೆಯ ಒಂದು ಸೇತುವೆಯ ಬಳಿ ಪೊಲೀಸರ ಗುಂಡಿಗೆ ಇಬ್ಬರು ಸತ್ತ ದಿನ ನಾನು ಕೃಷಿ ಇಲಾಖೆಯ ಕಚೇರಿಯಲ್ಲಿ ತೊಗರಿ ಬೀಜದ ಅರ್ಜಿಗಳನ್ನು ಜೋಡಿಸುತ್ತಿದ್ದೆ. ಪಂಚನಾಮೆಗೆ ಸಾಕ್ಷಿಯಾಗಲು ಸರ್ಕಾರಿ ನೌಕರನೊಬ್ಬ ಬೇಕೆಂದು ಠಾಣೆಯಿಂದ ಫೋನು ಬಂತು. ಯಾವ ಠಾಣೆ ಎಂದು ಹೇಳಲಾರೆ. ನನ್ನ ಧೈರ್ಯ ಎಷ್ಟೆಂಬುದು ಮುಂದೆ ನಿಮಗೇ ತಿಳಿಯುತ್ತದೆ. ಗುಮಾಸ್ತನಾದ ನನ್ನನ್ನು ಅದುವರೆಗೆ ಯಾರೂ ಯಾವುದಕ್ಕೂ ಬೇಕು ಎಂದಿರಲಿಲ್ಲ. ತಲೆ ಬಾಚಿಕೊಂಡು ಹೋದೆ.

ಠಾಣೆಯಲ್ಲಿ ಕುರ್ಚಿ ಕೊಟ್ಟರು, ಚಹಾ, ಮಿರ್ಚಿ ಭಜಿ ತರಿಸಿದರು. ಸತ್ತವರು ಹೆದ್ದಾರಿ ದರೋಡೆಯ ಆರೋಪಿಗಳು, ಮೊದಲು ಅವರೇ ಗುಂಡು ಹಾರಿಸಿದರು ಎಂದು ಬರೆದಿದ್ದ ಕಾಗದವನ್ನು ಮುಂದಿಟ್ಟರು. ಸ್ಥಳಕ್ಕೆ ಹೋಗಬೇಕಲ್ಲವೇ ಎಂದು ಕೇಳೋಣವೆನಿಸಿತು. ಆದರೆ ಹೊರಗೆ ಬಿಸಿಲು ಜೋರಿತ್ತು, ಭಜಿ ಬಿಸಿಯಿತ್ತು. ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ ಎಂಬ ಸಾಲಿನ ಕೆಳಗೆ ಸಹಿ ಮಾಡಿದೆ.

ಅಷ್ಟಕ್ಕೇ ಸುಮ್ಮನಿದ್ದರೆ ಬರೀ ಸುಳ್ಳುಗಾರನಾಗಿ ಉಳಿಯುತ್ತಿದ್ದೆ. ಬಾಯಿ ಸುಮ್ಮನಿರಲಿಲ್ಲ. ನಿಶ್ಚಯ, ಜವಳ, ಎಲ್ಲಿ ನಾಲ್ಕು ಜನ ಕೂಡಿದರೂ ಆ ಕಥೆ ಹೇಳುತ್ತಿದ್ದೆ. ಅಂದೋಲಾದಲ್ಲಿ ಬೀಗರ ಮುಂದೆ ಹೇಳುವಷ್ಟರಲ್ಲಿ ಕಥೆ ಬೆಳೆದಿತ್ತು: ಒಬ್ಬನಿಗೆ ಇನ್ನೂ ಜೀವವಿತ್ತು, ನಾನೇ ಅವನ ಬಾಯಿಗೆ ನೀರು ಹಾಕಿದೆ. ಜೀವ ಹೋದ ಮೇಲೆಯೇ ಪಂಚನಾಮೆಯ ಸಾಕ್ಷಿಯನ್ನು ಕರೆಯುವುದು ಎಂಬುದು ಕೇಳಿದವರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮಾದನಹಿಪ್ಪರಗಾದಿಂದ ವಯಸ್ಸಾದ ಹೆಣ್ಣುಮಗಳೊಬ್ಬಳು ಮನೆ ಹುಡುಕಿಕೊಂಡು ಬಂದಳು. ಸತ್ತವರಲ್ಲಿ ಒಬ್ಬನ ತಾಯಿ, ಕೂಲಿ ಮಾಡುವವಳು. ಮಗನನ್ನು ಎನ್‌ಕೌಂಟರಿಗೆ ಎರಡು ದಿನ ಮೊದಲೇ ಪೊಲೀಸರು ಮನೆಯಿಂದ ಹಿಡಿದೊಯ್ದಿದ್ದರು ಎಂದು ಆಕೆ ಹಾಕಿದ್ದ ಖಾಸಗಿ ದೂರು ಕೋರ್ಟಿನಲ್ಲಿ ವಿಚಾರಣೆಗೆ ಬಂದಿತ್ತು. ಬೈಯಲು ಬಂದಿದ್ದಾಳೆಂದುಕೊಂಡೆ. ಆಕೆ ಕೈಮುಗಿದಳು. ಅಂದೋಲಾದ ನೆಂಟರಿಂದ ನನ್ನ ಕಥೆ ಆಕೆಗೆ ಮುಟ್ಟಿತ್ತು.

"ನನ್ ಮಗಗ ನೀರ್ ಕುಡಿಸಿದ್ರಂತಲ್ರಿ. ಅಂವ ಏನಾರ ಅಂದ್ನೇನ್ರಿ?"

ಆಕೆ ಒಪ್ಪುವಂಥ ಮಾತುಗಳು ನನ್ನಲ್ಲಿ ಹತ್ತು ಇದ್ದವು. ಮಗ ಅವ್ವಾ ಅಂದ ಎನ್ನುವುದೂ ನಾಲಿಗೆ ತುದಿಗೆ ಬಂದಿತ್ತು. ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಆ ದಿನ ನನ್ನ ಅಂಗಿಯ ಭಜಿ ಎಣ್ಣೆಯ ಕಲೆ ತೊಳೆದವಳು ಅವಳೇ. "ಖರೇ ಹೇಳ್ರಿ" ಎಂದಳು.

"ನಾ ಅಲ್ಲಿ ಹೋಗೇ ಇಲ್ರಿ ಯವ್ವಾ," ಎಂದೆ.

ಆಕೆ ಮುಗಿದ ಕೈ ಇಳಿಸಿದಳು. "ಹಂಗಾರ ಅಂವಗ ನೀರ್ ಯಾರೂ ಕೊಟ್ಟಿಲ್ಲ," ಎಂದಳು. ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನೇ ಜಡ್ಜರ ಮುಂದೆ ಹೇಳುವಿರಾ ಎಂದು ಕೇಳಿದಳು. ಹೇಳುತ್ತೇನೆ ಎಂದೆ.

ಎಂದವನು ಸಮನ್ಸ್ ಬಂದಾಗ ಬೆನ್ನುನೋವಿನ ಸರ್ಟಿಫಿಕೇಟು ಕಳಿಸಿದೆ. ಎರಡನೆಯ ಸಲ ಜ್ವರ. ಮೂರನೆಯ ಸಲ ಹೆಂಡತಿ ರೋಗ ಆರಿಸಲು ಬಿಡಲಿಲ್ಲ. ಕೋರ್ಟಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ನನ್ನನ್ನು ಕೂರಿಸಿ ತಾನು ಹೊರಬದಿಗೆ ಕೂತಳು, ದಾರಿಯಲ್ಲೇ ಇಳಿದುಬಿಟ್ಟೇನೆಂದು.

ಸ್ಥಳಕ್ಕೆ ಹೋಗೇ ಇಲ್ಲವೆಂದು ಜಡ್ಜರ ಮುಂದೆ ಹೇಳಿದೆ. ಪಾಟಿ ಸವಾಲಿನಲ್ಲಿ ಪೊಲೀಸರ ಪರ ವಕೀಲರು ಅಂದೋಲಾದ ಕಥೆಯನ್ನೇ ಎತ್ತಿದರು. ಬೀಗರ ಮುಂದೆ ಹೇಳಿದ್ದು ಸುಳ್ಳೋ, ಇವತ್ತು ಹೇಳುತ್ತಿರುವುದು ಸುಳ್ಳೋ?

"ಅವತ್ತ ಹೇಳಿದ್ದು ಸುಳ್ಳರಿ."

"ಪಂಚನಾಮೆಗೆ ಸಹಿ ಮಾಡಿದ್ದು?"

"ಅದೂ ಸುಳ್ಳರಿ."

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ನಾಲ್ಕು ಜನರ ಮುಂದೆ ಹೆಸರಾಗಬೇಕೆಂಬ ನನ್ನ ಬಹುದಿನದ ಆಸೆ ತೀರಿತು. ಹೇಳಿಕೆಯ ಪ್ರತಿ ಕೊಟ್ಟಾಗ ಮೊದಲ ಬಾರಿಗೆ ಓದಿ ಸಹಿ ಮಾಡಿದೆ.

ಇಲಾಖೆಯಿಂದ ನನಗೆ ನೋಟಿಸು ಬಂತು. ಪೊಲೀಸ್ ಅಧಿಕಾರಿಗಳು ಹೈಕೋರ್ಟಿಗೆ ಹೋಗಿ ವಿಚಾರಣೆಗೆ ತಡೆ ತಂದರು. ಅದನ್ನು ತೆರವು ಮಾಡಿಸಲು ಆ ತಾಯಿಯ ವಕೀಲರು ಓಡಾಡುತ್ತಿದ್ದಾರೆ. ಮೊನ್ನೆ ಆಳಂದದ ಬಸ್ ನಿಲ್ದಾಣದಲ್ಲಿ ಆಕೆ ಸಿಕ್ಕಳು. ಮುಂದಿನ ತಾರೀಖು ಯಾವಾಗ ಎಂದು ಕೇಳಿದೆ, ಹೇಳಿದಳು. ನಾನೂ ಬರುತ್ತೇನೆ ಎಂದೆ. ಯಾರೂ ಕರೆದಿರಲಿಲ್ಲ. ಆಕೆ ನಂಬಿದಂತೆಯೂ ಕಾಣಲಿಲ್ಲ.