ಅಂಗೈ ನೆಲಕ್ಕಿಟ್ಟು ಕೂರುವುದು

ನವೆಂಬರ್ ಎಂಟು, ಶನಿವಾರ, ಸಂಜೆ ಐದು ಗಂಟೆ ಹತ್ತು ನಿಮಿಷ. ನನ್ನ ಡೈರಿಯ ಪ್ರಕಾರ ಹಾವಿಗೂ ನನಗೂ ಪರಸ್ಪರ ಹೆದರಿಕೆ ಶುರುವಾದದ್ದು ಆಗ. ಈ ಕೊಲ್ಲಿ ದೇಶದ ಇನ್ನೊಂದು ಊರಾದ ರುವೈಸಿಗೆ ವರ್ಗವಾದ ಗೆಳೆಯನೊಬ್ಬ ತನ್ನ ಕಾರ್ನ್ ಸ್ನೇಕ್ ಮರಿಯನ್ನು ಗಾಜಿನ ಪೆಟ್ಟಿಗೆ ಸಮೇತ ಹಮ್ದಾನ್ ಸ್ಟ್ರೀಟಿನ ನಮ್ಮ ಕೋಣೆಗೆ ತಂದುಕೊಟ್ಟು ಹೋದ. ವಿಷವಿಲ್ಲದ ಜಾತಿ, ಕಿತ್ತಳೆ ಬಣ್ಣ, ಬೆರಳಿಗಿಂತ ಸಪೂರ. ಆದರೆ ನನ್ನ ಕೈ ಕಂಡರೆ ಬಾಲ ನಡುಗಿಸಿ, ಕತ್ತನ್ನು ಕೊಕ್ಕೆಯಂತೆ ಬಾಗಿಸಿ ಎರಗುತ್ತಿತ್ತು.

ಕೋಣೆಯ ಜೊತೆಗಾರ ರಫೀಕ್, ಬಂಟ್ವಾಳದವನು, ಮಂಚದಿಂದ ಕಾಲು ಇಳಿಸದೆಯೇ ಎಚ್ಚರಿಕೆ ಕೊಟ್ಟ: "ಎಂತ ಮಾರಾಯ, ನೀನು ಅದನ್ನು ಪಳಗಿಸುವುದಾ, ಅದು ನಿನ್ನನ್ನಾ? ತಿಂಗಳ ಕೊನೆಯೊಳಗೆ ನಿನ್ನ ಈ ಬೆಲ್ಟ್ ಸುಮ್ಮನಾಗದಿದ್ರೆ ಖಲಾಸ್. ಬೇರೆ ಯಾರಿಗಾದ್ರೂ ಕೊಟ್ಟುಬಿಡು."

ನಾನು ಕ್ರಮ ತಪ್ಪದವನು. ದಿನವೂ ಅದೇ ಹೊತ್ತಿಗೆ ಮುಚ್ಚಳ ತೆಗೆದು ಕೈ ಹಾಕಿದೆ. ಇಲಿಮರಿ ನುಂಗಿದ ಮೇಲೆ ಎರಡು ದಿನ ಮಾತ್ರ ಮುಟ್ಟಲಿಲ್ಲ, ಹೊಟ್ಟೆ ತುಂಬಿದ ಹಾವನ್ನು ಎತ್ತಬಾರದಂತೆ. ಡೈರಿಯಲ್ಲಿ 'ಕಚ್ಚಿತು', 'ಅಡಗಿತು' ಎಂದು ಎರಡು ಕಲಂ. ಎರಡನೆಯದು ತುಂಬಿದ ದಿನ ಪ್ರಗತಿಯೆಂದು ಬೀಗುತ್ತಿದ್ದೆ. ಆಮೇಲೆ ಓದಿ ತಿಳಿಯಿತು: ಮೇಲಿನಿಂದ ಇಳಿಯುವುದೆಲ್ಲ ಹಾವಿನ ಲೆಕ್ಕದಲ್ಲಿ ಗಿಡುಗವೇ. ಗಿಡುಗಕ್ಕೂ ಪಾಸ್‌ಪೋರ್ಟ್ ಮಾಡಿಕೊಡುವ ಈ ದೇಶದಲ್ಲಿ ಅದರ ಹೆದರಿಕೆಯನ್ನು ತಪ್ಪೆನ್ನುವುದು ಹೇಗೆ?

ಅಪ್ಪ ನೆನಪಾದದ್ದು ಆಗ. ನಾನು ಚಿಕ್ಕವನಿದ್ದಾಗ ಅವರು ದುಬೈಯ ಮುಹೈಸ್ನಾದ ಕಾರ್ಮಿಕರ ಕ್ಯಾಂಪಿನಲ್ಲಿದ್ದರು. ರಜೆಯಲ್ಲಿ ಊರಿಗೆ ಬರುತ್ತಿದ್ದದ್ದು ಎರಡು ವರ್ಷಕ್ಕೊಮ್ಮೆ. ಬಂದಾಗಲೆಲ್ಲ ನನಗೆ ಹೊಸಬರು. ನಾನು ಅಮ್ಮನ ಹಿಂದೆ ಅಡಗುತ್ತಿದ್ದೆ. ಒಮ್ಮೆ ಎತ್ತಿಕೊಳ್ಳಲು ಬಂದ ಕೈಗೆ ಕಚ್ಚಿದ್ದೂ ಉಂಟಂತೆ. "ಬಿಡು, ಅವನೇ ಬರ್ತಾನೆ" ಎಂದು ಅಪ್ಪ ಜಗಲಿಯಲ್ಲಿ ಕೂತು, ಅಂಗೈಯನ್ನು ನೆಲದ ಮೇಲೆ ತೆರೆದಿಟ್ಟು ರೇಡಿಯೊ ಕೇಳುತ್ತಿದ್ದರು. ನನ್ನ ಕಡೆ ನೋಡುತ್ತಲೂ ಇರಲಿಲ್ಲ. ಸೆಂಟು, ಸಾಬೂನು, ಹೊಸ ಸೂಟ್‌ಕೇಸು ಎಲ್ಲ ಸೇರಿದ ವಾಸನೆಯ ಆ ಕೈಯ ಹತ್ತಿರ ನಾನು ಯಾವತ್ತು ಹೋದೆನೋ! ಅಮ್ಮ ನಾಲ್ಕನೇ ದಿನ ಎನ್ನುತ್ತಾರೆ, ಅಪ್ಪ ಹತ್ತನೇ ದಿನ. ಡೈರಿ ಬರೆಯುವ ವಯಸ್ಸಾಗಿರಲಿಲ್ಲ, ನನ್ನಲ್ಲಿ ದಾಖಲೆಯಿಲ್ಲ. ನಾನು ಹೊಂದಿಕೊಳ್ಳುವಷ್ಟರಲ್ಲಿ ರಜೆ ಮುಗಿಯುತ್ತಿತ್ತು ಎಂಬುದಷ್ಟೇ ಖಚಿತ.

ಮರುಸಂಜೆಯಿಂದ ಮುಚ್ಚಳ ಮುಟ್ಟಲಿಲ್ಲ. ಪೆಟ್ಟಿಗೆಯ ಪಕ್ಕದ ಗಾಜು ಸರಿಸಿ, ಅಂಗೈ ಒಳಗಿಟ್ಟು, ಇನ್ನೊಂದು ಕೈಯಲ್ಲಿ ಊರಿಗೆ ಫೋನ್ ಹಚ್ಚಿ ಅಪ್ಪನ ಹಲ್ಲುನೋವು ವಿಚಾರಿಸುತ್ತ ಕೂತೆ. ಕೆಲವು ಸಂಜೆ ಏನೂ ಆಗಲಿಲ್ಲ. ರಫೀಕನ ಗಡುವಿಗೆ ಎರಡು ದಿನವಿದ್ದಾಗ ನೂಲಿನೆಳೆಯಂಥ ನಾಲಿಗೆ ಬೆರಳಿಗೆ ತಾಗಿತು. ಆಮೇಲೆ ಗದ್ದ. ಆಮೇಲೆ ಇಡೀ ಹಾವು ಮಣಿಕಟ್ಟು ಸುತ್ತಿ ಸುಮ್ಮನಾಯಿತು.

"ಬಂತು ಮಾರಾಯ, ಬಂತು!" ರಫೀಕ್ ಮಂಚದ ಮೇಲೆ ಎದ್ದು ನಿಂತ.

"ಎಂತ ಬಂತು?" ಎಂದರು ಫೋನಿನಲ್ಲಿ ಅಪ್ಪ.

"ಹಾವು, ಕೈಗೆ."

ಅಪ್ಪ ಹೇಳಿದರು: "ಗಟ್ಟಿ ಹಿಡೀಬೇಡ."

ಬರುವ ತಿಂಗಳು ನಾನು ರಜೆಯಲ್ಲಿ ಊರಿಗೆ ಹೊರಟಿದ್ದೇನೆ. ಹಾವಿನ ಊಟ ರಫೀಕನ ಪಾಲಿಗೆ. ಉದ್ದದ ಇಕ್ಕಳ ಕೊಂಡಿದ್ದಾನೆ. ನಾನು ಮರಳುವಷ್ಟರಲ್ಲಿ ಹಾವು ನನ್ನ ಕೈಯನ್ನು ಮರೆತುಬಿಡುತ್ತದೆಯೇ? ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಮರೆಯುತ್ತದೆ ಎಂದಾದರೂ ಬೇಸರವಿಲ್ಲ. ಮತ್ತೆ ಎಷ್ಟು ದಿನ ಕೂರಬೇಕಾಗುತ್ತದೆ ಎಂದು ಗೊತ್ತಾದರೆ ಡೈರಿಯಲ್ಲಿ ಅಷ್ಟು ಜಾಗ ಬಿಟ್ಟಿರುತ್ತೇನೆ.