ಕಡೆಯ ಹನ್ನೊಂದು ನಿಮಿಷ

ಬೀಗದ ಕೈ ಮಾಡುವವನ ಅಂಗಡಿಗೂ ಇಸ್ತ್ರಿ ಅಂಗಡಿಗೂ ನಡುವೆ ಒಂದು ಗೂಡಿನಂಥ ಅಂಗಡಿಯಿದೆ. ಬಾಗಿಲು ಪೂರ್ತಿ ತೆರೆದರೆ ಒಳಗಿನ ಕುರ್ಚಿಗೆ ತಗಲುತ್ತದೆ, ಅಷ್ಟು ಇಕ್ಕಟ್ಟು. ಅದರ ಒಡತಿಗೆ ಹೆತ್ತವರು ಇಟ್ಟ ಒಳ್ಳೆಯ ಹೆಸರೇನೋ ಉಂಟು, ಆದರೆ ಅದು ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮಾತ್ರ ಉಳಿದಿದೆ. ಬೀದಿಗೆಲ್ಲ ಅವಳು ಸಿಡಿಯಮ್ಮ. ಡಿವಿಡಿ ಬಂದು ಎಷ್ಟೋ ವರ್ಷವಾದರೂ ಜನರ ಬಾಯಲ್ಲಿ ದುಂಡಗೆ ಹೊಳೆಯುವುದೆಲ್ಲ ಸಿಡಿಯೇ. ಅವಳೂ ತಿದ್ದಲು ಹೋಗಿಲ್ಲ.

"ಈ ಕಾಲದಲ್ಲೂ ಸಿಡಿ ಹಾಕಿಸೋರು ಯಾರಿದಾರಮ್ಮ?" ಎಂದು ಕೇಳುವವರಿಗೇನು ಕಡಿಮೆಯಿಲ್ಲ.

"ಫೋನ್ ಕಳಕೊಂಡೋರು," ಎನ್ನುತ್ತಾಳೆ ಅವಳು.

ಅದು ಅರ್ಧ ನಿಜ. ಉಳಿದರ್ಧ, ಮನೆಯಲ್ಲಿ ಹಳೇ ಪ್ಲೇಯರ್ ಇಟ್ಟುಕೊಂಡು ಒಂದೇ ಒಂದು ಗುಂಡಿ ಒತ್ತಲು ಕಲಿತ ಅಜ್ಜ ಅಜ್ಜಿಯರು. ಮೊಮ್ಮಕ್ಕಳ ಫೋನಿನಿಂದ ಬರುವ ವಿಡಿಯೋಗಳು ಹತ್ತು ಬಗೆಯವು. ಪ್ಲೇಯರಿಗೋ ಒಂದೇ ಬಗೆ ಗೊತ್ತು, ಬೇರೆಯದನ್ನು ಬಾಯಿಗಿಟ್ಟರೆ ಉಗಿದುಬಿಡುತ್ತದೆ. ಅದಕ್ಕೆ ಒಗ್ಗುವ ಹಾಗೆ ಒಂದೊಂದನ್ನೂ ಬದಲಾಯಿಸಿ, ಸಾಲಾಗಿ ಜೋಡಿಸಿ, ಖಾಲಿ ಡಿಸ್ಕಿಗೆ ಸುಡುವುದೇ ಸಿಡಿಯಮ್ಮನ ಕಸುಬು. ಸುಡುವುದು ಎಂದ ಮಾತ್ರಕ್ಕೆ ಹೊಗೆ ಬರುವುದಿಲ್ಲ. ಪರದೆಯ ಮೇಲೆ ಒಂದು ಹಸಿರು ಪಟ್ಟಿ ಇದ್ದಲ್ಲಿಂದ ಅಷ್ಟಷ್ಟೇ ಮುಂದೆ ತೆವಳುತ್ತದೆ, ಇವಳು ಅದನ್ನು ಕಾಯುತ್ತಾಳೆ. ವೇಗ ಹೆಚ್ಚಿಸಿದರೆ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಇವಳು ಇರುವುದರಲ್ಲೇ ಅತಿ ನಿಧಾನದ ವೇಗವನ್ನು ಆರಿಸುತ್ತಾಳೆ. ಅವಸರದಲ್ಲಿ ಸುಟ್ಟ ಡಿಸ್ಕು ಹಳೇ ಪ್ಲೇಯರಿನಲ್ಲಿ ನಡುನಡುವೆ ತೊದಲುತ್ತದೆ ಎಂಬುದು ಅವಳ ಅನುಭವ.

"ಒಂದು ಟೀ ಕುಡಿದು ಬರಬಾರ್ದಾ ಅಕ್ಕಾ? ಅದು ಓಡಿ ಹೋಗುತ್ತಾ?" ಎಂದು ಬೀಗದವನು ಗೋಡೆಯಾಚೆಯಿಂದ ಕೂಗುತ್ತಾನೆ.

"ಹಾಲು ಕಾಯೋಕಿಟ್ಟೋಳು ಒಲೆ ಬಿಟ್ಟು ಹೋಗ್ತಾಳಾ?" ಎಂದು ಇವಳು ಈಚೆಯಿಂದ.

ಇಷ್ಟಾದ ಮೇಲೂ ಡಿಸ್ಕು ಗಿರಾಕಿಯ ಕೈಗೆ ಹೋಗುವುದಿಲ್ಲ. ಅಂಗಡಿಯಲ್ಲಿ ಎರಡು ಟಿವಿ ಇವೆ, ಒಂದು ಹಳೆಯ ಚೌಕ ಪೆಟ್ಟಿಗೆ, ಇನ್ನೊಂದು ತೆಳ್ಳಗಿನ ಅಗಲದ್ದು. ಎರಡರಲ್ಲೂ ಮೊದಲಿನಿಂದ ಕೊನೆಯವರೆಗೆ, ಒಂದು ಚೂರೂ ಬಿಡದೆ ನೋಡಿದ ಮೇಲೆಯೇ ಅವಳು ಮಾರ್ಕರ್ ಕೈಗೆತ್ತಿಕೊಂಡು ಡಿಸ್ಕಿನ ಮೇಲೆ ಹೆಸರು ಬರೆಯುವುದು. ಹೀಗಾಗಿ ಯಾರದೋ ಮಗು ಮೊದಲ ಹೆಜ್ಜೆಯಿಟ್ಟಿದ್ದಕ್ಕೂ, ಯಾರದೋ ಮಾವ ಭಾಷಣದ ಮಧ್ಯೆ ಸೀನಿದ್ದಕ್ಕೂ ಅವಳೇ ಸಾಕ್ಷಿ. "ಊರಲ್ಲಿ ಎಲ್ಲರ ಮನೆ ಸಮಾರಂಭಕ್ಕೂ ಕರೆಯದೆ ಹೋಗೋ ನೆಂಟರು ಅಂದ್ರೆ ನೀವೊಬ್ಬರೇ," ಎಂದು ಬೀಗದವನು ಛೇಡಿಸುತ್ತಾನೆ. ಅವಳು ನಗುತ್ತಾಳೆ. ಆದರೆ ಈ ನಿಯಮ ಹುಟ್ಟಿದ್ದು ನಗೆಯಿಂದಲ್ಲ. ಅಥವಾ ನಗೆಯಿಂದಲೇ ಅನ್ನಿ, ಅದೇ ತೊಂದರೆ.

ಸಿಡಿಯಮ್ಮನ ಗಂಡ ಬಸ್ಸಿನ ಡ್ರೈವರ್. ಅವನ ಅಕ್ಕ, ಅಂದರೆ ಇವಳಿಗೆ ಅತ್ತಿಗೆ, ಮೂವತ್ತೊಂದು ವರ್ಷ ಶಾಲೆಯಲ್ಲಿ ಡ್ರಿಲ್ ಮೇಡಂ ಆಗಿದ್ದವಳು. ಮದುವೆಯಾಗದ ಹೆಂಗಸು, ಇವರ ಮನೆಯಿರುವ ಕಟ್ಟಡದಲ್ಲೇ ಮೇಲಿನ ಮನೆಯಲ್ಲಿ ವಾಸ. ತಲೆಯಿಂದ ಹಿಮ್ಮಡಿಯವರೆಗೆ ನೂಲು ಹಿಡಿದ ಹಾಗೆ ನೆಟ್ಟಗೆ. ಮಲಗುವಾಗಲಾದರೂ ಬಗ್ಗುತ್ತಾಳೋ ಇಲ್ಲವೋ ಎಂದು ಮಕ್ಕಳು ಪಂದ್ಯ ಕಟ್ಟುತ್ತಿದ್ದರಂತೆ. ಬಾಯಿ ಜೋರು, ಮನಸ್ಸು ಬೆಣ್ಣೆ. ಇಬ್ಬರೂ ಸಂಜೆ ಐದಕ್ಕೆ ಮೆಟ್ಟಿಲ ತಿರುವಿನಲ್ಲಿ ಕೂತು ಟೀ ಕುಡಿಯುತ್ತಿದ್ದರು. ಗಂಡನ ಮೇಲೆ ಇವಳು ಚಾಡಿ ಹೇಳುವುದು, ತಮ್ಮನ ಮೇಲೆ ಅವಳು ಹೇಳುವುದು. ಅವನು ಬಂದ ಸದ್ದಾದರೆ ಇಬ್ಬರೂ ತುಟಿ ಹೊಲಿದುಕೊಳ್ಳುವುದು. ಅತ್ತಿಗೆ ಎನ್ನುವುದಕ್ಕಿಂತ ಗೆಳತಿ ಎನ್ನಬೇಕು.

ಏಳು ವರ್ಷದ ಹಿಂದೆ ಡ್ರಿಲ್ ಮೇಡಂ ನಿವೃತ್ತಿಯಾದಾಗ ಶಾಲೆಯ ಆರುನೂರು ಮಕ್ಕಳು ಅವಳ ಮುಂದೆ ಕವಾಯತು ಮಾಡಿದರು. ಗುಮಾಸ್ತರು ಶಾಲೆಯ ಹಳೇ ಕ್ಯಾಮರಾದಲ್ಲಿ ಅದನ್ನು ಟೇಪಿಗೆ ಹಿಡಿದರು. ಮುಂದಿನ ಶನಿವಾರ ಎಲ್ಲರೂ ಸೇರಿ ನೋಡುವುದೆಂದು ತೀರ್ಮಾನವಾಗಿ, ಟೇಪು ಸಿಡಿಯಮ್ಮನ ಅಂಗಡಿಗೆ ಬಂತು. ಅವಳು ಕವಾಯತು ಮುಗಿದಲ್ಲಿಗೆ ಕತ್ತರಿಸಿ, ಡಿಸ್ಕು ಮಾಡಿ, ಚೌಕ ಟಿವಿಯಲ್ಲಿ ಎರಡು ನಿಮಿಷ ನೋಡಿ, ಚೆನ್ನಾಗಿದೆ ಎಂದು ಕೊಟ್ಟಳು. ಚಿತ್ರದ ಉದ್ದ ಅಗಲ ಆರಿಸುವ ಕಡೆ ಚೌಕದ ಬದಲು ಅಗಲದ್ದನ್ನು ಒತ್ತಿದ್ದು ಅವಳ ಗಮನಕ್ಕೇ ಬರಲಿಲ್ಲ. ಏನು ಕೊಟ್ಟರೂ ಚೌಕವಾಗಿಯೇ ತೋರಿಸುವ ಅಂಗಡಿಯ ಹಳೇ ಟಿವಿ ಆ ತಪ್ಪನ್ನು ಮುಚ್ಚಿಹಾಕಿತ್ತು. ಶಾಲೆಯಲ್ಲಿದ್ದದ್ದು ಆಗಷ್ಟೇ ಕೊಂಡ ಅಗಲದ ಟಿವಿ. ಅದರಲ್ಲಿ ಆರುನೂರು ಮಕ್ಕಳೂ ಅಡ್ಡಡ್ಡ ಹಿಗ್ಗಿದರು. ಧ್ವಜದ ಕಂಬ ಮರದ ದಿಮ್ಮಿಯಷ್ಟು ದಪ್ಪವಾಯಿತು. ಮೂವತ್ತೊಂದು ವರ್ಷ "ಹೊಟ್ಟೆ ಒಳಕ್ಕೆ!" ಎಂದು ಗದರಿದ ಮೇಡಂ ತಾನೇ ಕುಳ್ಳಗೆ, ದುಂಡಗೆ, ಪಕ್ಕದಿಂದ ಪಕ್ಕಕ್ಕೆ ಉರುಳುತ್ತ ಬಂದು ಸಲ್ಯೂಟ್ ಹೊಡೆದಳು.

ಸಭೆಯಲ್ಲಿ ಮೊದಲು ನಕ್ಕವಳು ಸಿಡಿಯಮ್ಮ. ಬೇಕೆಂದು ನಕ್ಕದ್ದಲ್ಲ. ಗಾಬರಿಯಾದರೆ ಅವಳಿಗೆ ನಗು ಬರುತ್ತದೆ, ಹುಟ್ಟುಗುಣ. ಆಮೇಲೆ ಹಿಡಿಯುವವರಾರು? ಇಡೀ ಸಭೆ ಹೊಟ್ಟೆ ಹುಣ್ಣಾಗುವಂತೆ ನಕ್ಕಿತು. ಡ್ರಿಲ್ ಮೇಡಂ ಎದ್ದಳು, ಇವಳನ್ನೊಮ್ಮೆ ನೋಡಿದಳು, ನೆಟ್ಟಗೆ ನಡೆದು ಹೊರಟುಹೋದಳು.

ಅಲ್ಲಿಗೆ ಮಾತು ನಿಂತಿತು. ಒಂದು ದಿನವಲ್ಲ, ಎರಡು ದಿನವಲ್ಲ, ಏಳು ವರ್ಷ. ಹೇಳುವುದೇನಿದ್ದರೂ ಡ್ರೈವರಣ್ಣನ ಮೂಲಕ. "ನೀರಿನ ಮೋಟರ್ ಆಫ್ ಮಾಡೋಕೆ ಹೇಳು ನಿನ್ನ ಹೆಂಡ್ತಿಗೆ." "ಆಗಲೇ ಮಾಡಿದೀನಿ ಅಂತ ಹೇಳಿ ನಿಮ್ಮ ಅಕ್ಕನಿಗೆ." ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎನ್ನುತ್ತಾರೆ, ಇಲ್ಲಿ ಬಡವಾದವನು ಅರವತ್ತರ ಹತ್ತಿರದ ಡ್ರೈವರ್. "ದಿನಾ ಬಸ್ಸಲ್ಲಿ ನಲವತ್ತು ಸ್ಟಾಪು, ಮನೇಲಿ ಇಪ್ಪತ್ತೆರಡು ಮೆಟ್ಟಿಲು," ಎಂದು ಅವನು ಮಂಡಿ ಒತ್ತಿಕೊಳ್ಳುತ್ತಿದ್ದ. ಸಿಡಿಯಮ್ಮ ತಪ್ಪಾಯಿತು ಎಂದು ಅವನ ಕೈಲೇ ಹೇಳಿಕಳಿಸಿದ್ದಳು, ಉತ್ತರ ಬರಲಿಲ್ಲ. ಕ್ರಮೇಣ ಇವಳಿಗೂ ಸಿಟ್ಟು ಬಂತು. ಟಿವಿಯಲ್ಲಿ ದಪ್ಪ ಕಂಡಿದ್ದಕ್ಕೆ ಇಷ್ಟು ಬಿಗುಮಾನವೇ? ಎಂಥ ಜಂಭ! ಹೀಗೆ ಬೈದುಕೊಳ್ಳುತ್ತಲೇ, ಸಂಜೆ ಐದಾದರೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು. ತಾನು ನಕ್ಕದ್ದನ್ನು ಮಾತ್ರ ಅವಳು ಒಬ್ಬಳೇ ಇದ್ದಾಗಲೂ ನೆನೆಯುತ್ತಿರಲಿಲ್ಲ.

ಮೊನ್ನೆಮೊನ್ನೆ ಒಂದು ಸೋಮವಾರ ಶಾಲೆಯ ಗುಮಾಸ್ತರು ಅಂಗಡಿಗೆ ಬಂದರು. ಕೈಯಲ್ಲಿ ಅದೇ ಟೇಪು. ಭಾನುವಾರ ಬೆಳಗ್ಗೆ ಹಳೇ ವಿದ್ಯಾರ್ಥಿಗಳು ಸೇರಿ ಮೇಡಮ್ಮಿಗೆ ಸನ್ಮಾನ ಮಾಡುತ್ತಾರಂತೆ, ಕವಾಯತಿನ ವಿಡಿಯೋ ಬೇಕೇ ಬೇಕಂತೆ, ಹಳೇ ಡಿಸ್ಕನ್ನು ಮೇಡಂ ಅಂದೇ ತರಿಸಿಕೊಂಡು ಮುರಿದು ಹಾಕಿದ್ದರಂತೆ.

"ಬೇರೆ ಅಂಗಡಿ ಇದ್ದಿದ್ರೆ ಅಲ್ಲಿಗೇ ಹೋಗ್ತಿದ್ದೆ, ಬೇಜಾರು ಮಾಡ್ಕೋಬೇಡಿ," ಎಂದರು ಗುಮಾಸ್ತರು. "ಎಲ್ಲ ಮುಚ್ಚಿಬಿಟ್ಟಿದಾರೆ. ಈ ಸಲನೂ ಹೆಚ್ಚುಕಮ್ಮಿ ಆದ್ರೆ ಅವರು ನಮ್ಮ ಶಾಲೆ ಮೆಟ್ಟಿಲು ಹತ್ತಲ್ಲ."

ಶಾಲೆಯ ಮೆಟ್ಟಿಲಿನ ಚಿಂತೆ ಗುಮಾಸ್ತರಿಗೆ, ಇವಳಿಗೆ ಮನೆಯ ಮೆಟ್ಟಿಲಿನದು. ಈ ಸಲ ಕೆಟ್ಟರೆ ಇನ್ನು ಈ ಜನ್ಮಕ್ಕೆ ಮಾತಿಲ್ಲ. ಸರಿಹೋದರೆ? ಸರಿಹೋದರೆ ಏನಾದೀತೆಂದು ಯೋಚಿಸಲೂ ಅವಳು ಹೆದರಿದಳು.

ಬಿಸಿಲು ಬೀಳದ ಹಾಗೆ ಬಾಗಿಲಿಗೆ ಪರದೆ ಎಳೆದು, ಟೇಪನ್ನು ಹಾಕಿದಳು. ಟೇಪು ಎಷ್ಟು ಹೊತ್ತಿನದೋ ಅಷ್ಟೂ ಹೊತ್ತು ಓಡಿಯೇ ಕಂಪ್ಯೂಟರಿಗೆ ಇಳಿಯಬೇಕು, ಅದಕ್ಕೆ ಅಡ್ಡದಾರಿಯಿಲ್ಲ. ಮಕ್ಕಳು ಬಂದರು, ಹೋದರು. ಅತ್ತಿಗೆ ಸಲ್ಯೂಟ್ ಹೊಡೆದಳು. ತೆಳ್ಳಗೆ, ಎತ್ತರವಾಗಿ, ಚೆಂದವಾಗಿದ್ದಳು. ಕವಾಯತು ಮುಗಿಯಿತು. ಅಂದು ಅವಳು ಕತ್ತರಿಸಿದ ಜಾಗ ಇದೇ. ಈಗ ಕೊನೆಯವರೆಗೆ ನೋಡುವ ನಿಯಮವಿದೆಯಲ್ಲ, ಬಿಟ್ಟಳು. ಚಿತ್ರ ಅಡ್ಡ ಬಿತ್ತು. ಗುಮಾಸ್ತರು ಕ್ಯಾಮರಾ ಆರಿಸುವುದನ್ನು ಮರೆತು ಬೆಂಚಿನ ಮೇಲಿಟ್ಟಿದ್ದರು. ನೆಲ, ಕುರ್ಚಿಯ ಕಾಲು, ಯಾರದೋ ಚಪ್ಪಲಿ. ನಿಮಿಷಗಟ್ಟಲೆ ಬರೀ ಅದೇ, ಜೊತೆಗೆ ಕುರ್ಚಿ ಎಳೆಯುವ ಸದ್ದು. ಆಮೇಲೆ ಎರಡು ಜೊತೆ ಕಾಲು ಬಂದು ನಿಂತವು. ಬಿಳಿ ಕ್ಯಾನ್ವಾಸ್ ಬೂಟು ಯಾರದೆಂದು ಕೇಳಬೇಕಾಗಿರಲಿಲ್ಲ.

"ನಾಳೆಯಿಂದ ಹೊತ್ತು ಹೇಗೆ ಕಳೀತೀರಿ ಮೇಡಂ?" ಗಣಿತದ ಟೀಚರಿನ ದನಿ.

"ಹೊತ್ತು ಎಲ್ಲಿದೆ?" ಅತ್ತಿಗೆಯ ದನಿ. "ನನ್ನ ತಮ್ಮನ ಹೆಂಡ್ತಿ ಅಂಗಡೀಲಿ ಕೂತ್ಕೋತೀನಿ. ಒಬ್ಬಳೇ ದಿನಾ ಅದೆಷ್ಟು ಅಂತ ನೋಡ್ತಾಳೆ ಪಾಪ, ಎರಡು ಕಣ್ಣು ಸಾಲಲ್ಲ. ನಾನು ನೋಡ್ತೀನಿ, ಅವಳು ಮಾಡ್ತಾಳೆ. ಪಕ್ಕದಲ್ಲೇ ಒಂದು ಕುರ್ಚಿ ಹಾಕಿಸ್ಕೋತೀನಿ."

"ಅವರಿಗೆ ಹೇಳಿದೀರಾ?"

"ಇನ್ನೂ ಇಲ್ಲ. ಶನಿವಾರ ಸಿಡಿ ತೋರಿಸ್ತಾರಲ್ಲ, ಆವತ್ತು ಎಲ್ಲರೆದುರಿಗೆ ಹೇಳ್ತೀನಿ. ಇದನ್ನ ಮಾಡಿದೋಳು ನಮ್ಮ ಮನೆಯೋಳು, ನಾಳೆಯಿಂದ ನಾನು ಅವಳ ಕೈಕೆಳಗೆ ಅಂತ. ಹೇಗೆ ನಗ್ತಾಳೆ ನೋಡಿ!"

ಟೇಪು ಇನ್ನೂ ಸ್ವಲ್ಪ ಓಡಿ ನಿಂತಿತು. ಕವಾಯತು ಮುಗಿದ ಮೇಲಿನದು ಒಟ್ಟು ಹನ್ನೊಂದು ನಿಮಿಷ. ಸಿಡಿಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಗೋಡೆಯಾಚೆ ಬೀಗದವನ ಅರ ಸುಮ್ಮನಾಯಿತು. "ಏನಾಯ್ತಕ್ಕಾ? ಯಾರ ಮನೆ ವಿಡಿಯೋ?" ಎಂದ.

"ನಮ್ಮನೇದೇ ಕಣೋ," ಎಂದಳು.

ಶಾಲೆಯ ಡಿಸ್ಕನ್ನು ಅವಳು ಮೂರು ಸಲ ಮಾಡಿದಳು, ಮೊದಲೆರಡರಲ್ಲಿ ಏನೂ ಕುಂದಿಲ್ಲದಿದ್ದರೂ. ಚೌಕ ಟಿವಿ, ಅಗಲ ಟಿವಿ ಎರಡರಲ್ಲೂ ನೋಡಿದ್ದು ಸಾಲದೆ, ಶನಿವಾರ ಶಾಲೆಗೇ ಹೋಗಿ ಅಲ್ಲಿಯ ಟಿವಿಯಲ್ಲೂ ಹಾಕಿ, ಪರದೆಗೆ ದರ್ಜಿಯ ಟೇಪು ಹಿಡಿದು ಅತ್ತಿಗೆಯನ್ನು ಉದ್ದಕ್ಕೂ ಅಡ್ಡಕ್ಕೂ ಅಳೆದಳು. ಆ ಹನ್ನೊಂದು ನಿಮಿಷವನ್ನು ಶಾಲೆಯ ಡಿಸ್ಕಿಗೆ ಸೇರಿಸಲಿಲ್ಲ, ಅದು ಊರಿಗೆ ತೋರಿಸುವಂಥದ್ದಲ್ಲ. ಅದಕ್ಕೇ ಬೇರೆ ಡಿಸ್ಕು ಮಾಡಿದಳು. ಮಾರ್ಕರ್ ಹಿಡಿದು ಬಹಳ ಹೊತ್ತು ಕೂತು, ಕೊನೆಗೆ ದುಂಡಗೆ ಬರೆದಳು: "ಅವತ್ತು ಮೊದಲು ನಕ್ಕವಳು ನಾನು. ತಪ್ಪಾಯಿತು ಅತ್ತಿಗೆ."

ಭಾನುವಾರ ಸಭೆಯಲ್ಲಿ ಅವಳು ಹಿಂದಿನ ಸಾಲಿನಲ್ಲಿ ನಿಂತು, ನಗು ಬಂದೀತೆಂದು ಕರ್ಚೀಫನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು. ಪರದೆಯ ಮೇಲೆ ಮಕ್ಕಳು ಮಕ್ಕಳ ಹಾಗೇ ಇದ್ದರು, ಕಂಬ ಕಂಬದ ಹಾಗೆ. ಮೇಡಂ ಸಲ್ಯೂಟ್ ಹೊಡೆದಾಗ, ಈಗ ತಲೆ ನರೆಯತೊಡಗಿದ ಹಳೇ ಹುಡುಗರು ಕುರ್ಚಿ ಬಿಟ್ಟೆದ್ದು ತಾವೂ ಹೊಡೆದರು. ಮುಂದಿನ ಸಾಲಿನಲ್ಲಿ ಕೂತ ಡ್ರಿಲ್ ಮೇಡಂ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಸಿಡಿಯಮ್ಮ ಎರಡನೆಯ ಡಿಸ್ಕು ತೆಗೆದುಕೊಂಡಳು. ಗಂಡ ಅಭ್ಯಾಸಬಲದಿಂದ ಕೈ ಚಾಚಿದ.

"ಬೇಡ, ನಾನೇ ಹೋಗ್ತೀನಿ," ಎಂದಳು.

ಏಳು ವರ್ಷದ ಮೇಲೆ ಇಪ್ಪತ್ತೆರಡು ಮೆಟ್ಟಿಲು. ಬಾಗಿಲು ಅರ್ಧ ತೆರೆಯಿತು. ಒಂದು ಕೈ ಡಿಸ್ಕನ್ನು ತೆಗೆದುಕೊಂಡಿತು. ಬಾಗಿಲು ಮುಚ್ಚಿತು. ಅವಳು ಕೆಳಗೆ ಬಂದು, ಊಟದ ತಟ್ಟೆ ಮುಂದಿಟ್ಟುಕೊಂಡು, ಸೂರಿನ ಕಡೆ ನೋಡುತ್ತ ಕೂತಳು. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಕುರ್ಚಿ ಎಳೆಯುವ ಸದ್ದು, ಬೂಟಿನ ಸದ್ದು, ಗಣಿತದ ಟೀಚರಿನ ದನಿ. ಮುಗಿಯಿತು. ಮತ್ತೆ ಮೊದಲಿನಿಂದ ಶುರುವಾಯಿತು. ಎರಡು ಸಲ ಪೂರ್ತಿಯಾಗಿ, ಕೊನೆಯವರೆಗೆ.

"ನೋಡ್ತಿದಾಳೆ," ಎಂದ ಗಂಡ ಪಿಸುಮಾತಿನಲ್ಲಿ.

"ಗೊತ್ತು, ಸುಮ್ಮನಿರಿ," ಎಂದಳು ಇವಳು. ಆ ದಿನ ಇನ್ನೇನೂ ಆಗಲಿಲ್ಲ.

ಸೋಮವಾರ ಬೆಳಗ್ಗೆ ಸಿಡಿಯಮ್ಮ ಅಂಗಡಿಯ ಎರಡನೆಯ ಕುರ್ಚಿಯ ಮೇಲಿದ್ದ ಖಾಲಿ ಡಿಸ್ಕಿನ ಡಬ್ಬಗಳನ್ನು ಕೆಳಗಿಳಿಸಿ, ಧೂಳು ಒರೆಸಿದಳು. ಸುಮ್ಮನೆ ಒರೆಸಿದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಯಾರದೋ ಮೊಮ್ಮಗನ ವಿಡಿಯೋ ಹಚ್ಚಿ, ಹಸಿರು ಪಟ್ಟಿಯ ಮುಂದೆ ಗೂನು ಬೆನ್ನು ಮಾಡಿಕೊಂಡು ಕೂತಳು.

ಬಾಗಿಲು ತೆರೆದು ಕುರ್ಚಿಗೆ ತಗಲಿತು. ಬಿಳಿ ಕ್ಯಾನ್ವಾಸ್ ಬೂಟು ಒಳಗೆ ಬಂತು. ಡ್ರಿಲ್ ಮೇಡಂ ಕುರ್ಚಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿ, ಕನ್ನಡಕ ಏರಿಸಿ, ನೆಟ್ಟಗೆ ಕೂತು ಪರದೆಯನ್ನು ನೋಡತೊಡಗಿದಳು. ಪಟ್ಟಿ ಒಂದು ಬೆರಳಿನಷ್ಟು ಮುಂದೆ ಹೋಯಿತು. ಸಿಡಿಯಮ್ಮನಿಗೆ ಗಾಬರಿಯಾಯಿತು, ಗಾಬರಿಯಾದ್ದರಿಂದ ನಗು ಬಂತು, ನಗು ತಡೆಯಲು ಹೋಗಿ ಕಣ್ಣಲ್ಲಿ ನೀರು ಬಂತು.

ಆಗ ಅತ್ತಿಗೆ ಅಂಗೈಯಿಂದ ಅವಳ ಬೆನ್ನಿಗೊಂದು ಹಾಕಿದಳು.

"ನೆಟ್ಟಗೆ ಕೂತ್ಕೋ," ಎಂದಳು. "ನಗೋದಾದ್ರೂ ನೆಟ್ಟಗೆ ಕೂತು ನಗು."