ಕಾಫಿ ಬಟ್ಟೆಯಲ್ಲಿ ಸೋಸಿದ ಪೋರ್ಟ್ ವೈನ್

ಠಾಣೆ ಪಟ್ಟಣದ ಮಾಜಿವಾಡಾ ನಾಕೆಯ ಬಳಿ ಒಂದು ಪರ್ಮಿಟ್ ರೂಮಿನ ಕೌಂಟರಿನಲ್ಲಿ ನಾನಿದ್ದೆ. ಉಡುಪಿ ಕಡೆಯ ಮಡಿವಂತರ ಮನೆಯವನಿಗೆ ಬಾರಿನಲ್ಲಿ ಕೆಲಸ ಎಂಬುದೇ ಒಂದು ತಮಾಷೆ. ಕುಡಿಯುತ್ತಿರಲಿಲ್ಲ, ಆದರೆ ಯಾವ ಬಾಟಲಿಗೆ ನೀರು ಬೆರೆತಿದೆ ಎಂದು ಮೂಸಿಯೇ ಹೇಳುತ್ತಿದ್ದೆ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ತುಂಬ ಈ ಕೀರ್ತಿ ಹಬ್ಬಿತ್ತು. ಮರುಳಾಗದವಳೆಂದರೆ ನನ್ನ ಹೆಂಡತಿ ಒಬ್ಬಳೇ. ಮನೆಗೆ ಬಂದೊಡನೆ ಅಂಗಿ ಬಾಲ್ಕನಿಗೆ, ನಾನು ಬಚ್ಚಲಿಗೆ. ಸ್ನಾನವಾಗದೆ ಅಡುಗೆಮನೆಯ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಪಕ್ಕದ ಮನೆಯಲ್ಲಿ ಮಂಗಳೂರು ಕಡೆಯ ಕ್ರಿಶ್ಚಿಯನ್ ಸಂಸಾರವಿತ್ತು. ಮನೆಯ ಯಜಮಾನರನ್ನು ಊರಿನ ರೂಢಿಯಂತೆ ಪೊರ್ಬುಗಳು ಎನ್ನುತ್ತಿದ್ದೆವು. ಹರೆಯದಲ್ಲಿ ಅವರು ವಿದೇಶಿ ಹಡಗಿನಲ್ಲಿ ಅಡುಗೆಯವರು. ಒಬ್ಬಳೇ ಮಗಳು ಹುಟ್ಟಿದ ತಂತಿ ಸಿಕ್ಕಿದಾಗ ಹಡಗು ಪೋರ್ಚುಗಲ್ಲಿನ ಬಂದರಿನಲ್ಲಿತ್ತಂತೆ. ಮಗು ಹುಟ್ಟಿದಾಗ ಒಂದು ಬಾಟಲಿ ಪೋರ್ಟ್ ವೈನ್ ಕೊಂಡಿಟ್ಟು ಅದರ ಮದುವೆಗೆ ತೆರೆಯಬೇಕು ಎಂದು ಅಲ್ಲಿ ಯಾರೋ ಹೇಳಿದರು, ಇವರು ಕೊಂಡರು. ಬ್ರಾಂಡಿ ಬೆರೆಸಿದ ವೈನ್ ಅದು, ವರ್ಷ ಕಳೆದಷ್ಟೂ ರುಚಿ ಏರುವಂಥದ್ದು. ಅಂದಿನಿಂದ ಅದು ಅವರ ಟ್ರಂಕಿನಲ್ಲಿ ಹಳೆ ಸೀರೆ ಸುತ್ತಿಕೊಂಡು ಮಲಗಿತ್ತು. ಉಲ್ಹಾಸನಗರದ ಫಾರಿನ್ ಸಾಮಾನಿನ ವ್ಯಾಪಾರಿಯೊಬ್ಬ ಅದಕ್ಕೆ ಬದಲು ಟೇಪ್ ರೆಕಾರ್ಡರ್ ಕೊಡುತ್ತೇನೆಂದು ಬಂದಿದ್ದ. ಪೊರ್ಬುಗಳು ಅವನಿಗೆ ಚಹಾ ಕೊಟ್ಟು ಕಳಿಸಿದರು.

ಎಂಬತ್ತರ ದಶಕದಲ್ಲಿ ಮಗಳ ಮದುವೆ ಗೊತ್ತಾಯಿತು. ಮದುಮಗನ ಸೋದರಮಾವ ಗೋವಾದವರು, ವೈನಿನ ವಿಷಯದಲ್ಲಿ ಅವರ ನಾಲಿಗೆಯೇ ಕೋರ್ಟು. ಬಾಟಲಿಯ ಕತೆಯನ್ನು ಪೊರ್ಬುಗಳು ಬೀಗರೆದುರು ಆಗಲೇ ಹೇಳಿಕೊಂಡಾಗಿತ್ತು. ಡೊಂಬಿವಲಿಯ ಇಷ್ಟೆಲ್ಲ ಬೇಸಿಗೆಗಳಲ್ಲಿ ಬೆಂದು ಅದು ವಿನೆಗರ್ ಆಗಿದ್ದರೆ ಎಂಬ ಹೆದರಿಕೆ ಈಗ ಹತ್ತಿತು. ಮದುವೆಯ ಹಿಂದಿನ ಸಂಜೆ ಬಾಟಲಿಯನ್ನು ಮಗುವಿನಂತೆ ಎತ್ತಿಕೊಂಡು ನಮ್ಮ ಮನೆಗೆ ಬಂದರು.

"ನೀವೇ ನೋಡಿ ಹೇಳಿ ಮಾರಾಯ್ರೆ. ಹಾಳಾಗಿದ್ರೆ ಸುಮ್ಮನೆ ಗೋವಾದ ಸಾದಾ ಬಾಟ್ಲಿ ಇಡುವಾ."

ನನಗೆ ಗೊತ್ತಿದ್ದ ಪೋರ್ಟ್ ಎಂದರೆ ನಮ್ಮ ಕೌಂಟರಿನದು, ಕೆಮ್ಮಿನ ಔಷಧದಷ್ಟು ಕೆಂಪು, ಅಷ್ಟೇ ಸಿಹಿ. ಅದನ್ನು ಹೇಳಿ ಹೆಸರು ಕೆಡಿಸಿಕೊಳ್ಳುವುದೇಕೆಂದು ಗಂಭೀರನಾಗಿ ಬಾಟಲಿಯನ್ನು ಟ್ಯೂಬ್‌ಲೈಟಿಗೆ ಹಿಡಿದೆ. ಕುತ್ತಿಗೆಯವರೆಗೆ ತುಂಬಿತ್ತು, ತಳದಲ್ಲಿ ಕಪ್ಪು ಗಸಿ. ಬಿರಡೆ ಎಳೆದರೆ ಅರ್ಧ ಪುಡಿಯಾಗಿ ಒಳಗೇ ಬಿತ್ತು. ಸೋಸದೆ ಗತಿಯಿರಲಿಲ್ಲ. ಕಾಫಿ ಸೋಸುವ ಬಟ್ಟೆ ಕೊಡೆಂದು ಹೆಂಡತಿಯನ್ನು ಕೂಗಿದೆ. ಒಳಗೆ ಪೆಟ್ಟಿಗೆ ತೆಗೆದು ಮುಚ್ಚಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ಅವಳು ಹೊಸ್ತಿಲಿನಾಚೆ ನಿಂತು ಬಟ್ಟೆಯನ್ನು ಎರಡೇ ಬೆರಳಲ್ಲಿ ಹಿಡಿದು ಕೊಟ್ಟಳು, ವಾಪಸು ತರುವುದು ಬೇಡ ಎಂದಳು. ಬಟ್ಟೆ ಬೆಳ್ಳಗಿತ್ತು. ಒಗೆಯುವ ಸೋಡಾ ಹಾಕಿ ಕುದಿಸಿರಬೇಕು ಎಂದುಕೊಂಡೆ.

ವೈನನ್ನು ಗಾಜಿನ ಜಗ್ಗಿಗೆ ಸೋಸಿ ಬೆಳಕಿಗೆ ಹಿಡಿದೆ. ಕೆಂಪು ಹೋಗಿ ಬೆಲ್ಲದ ನೀರಿನ ಬಣ್ಣ ಬಂದಿತ್ತು. ಕೆಲಸದ ಪಾಪ ಕೆಲಸಕ್ಕೆ ಎಂದು ಒಂದು ಚಮಚ ಬಾಯಿಗೆ ಹಾಕಿದೆ. ಹುಳಿ ಇರಲಿಲ್ಲ. ಒಣದ್ರಾಕ್ಷಿ, ಸುಟ್ಟ ಸಕ್ಕರೆ, ಗಂಟಲಿಗೆ ಹಿತವಾದ ಬಿಸಿ. ಕೊನೆಗೆ ಎದ್ದು ನಿಂತದ್ದು ಮಾತ್ರ ಅಪ್ಪಟ ಕಾಫಿಯ ಪರಿಮಳ. ಪೊರ್ಬುಗಳಿಗೆ ಪಿಸುಗುಟ್ಟಿದೆ. ಅವರೂ ಮೂಸಿ ತಲೆಯ ಮೇಲೆ ಕೈಹೊತ್ತು ಕುಳಿತರು. ಇಷ್ಟು ವರ್ಷ ಕಾದದ್ದು ಒಂದು ತುಂಡು ಬಟ್ಟೆಯಿಂದ ಕೆಟ್ಟಿತಲ್ಲ ಎಂದು ನನಗೂ ಸಂಕಟವಾಯಿತು. ಆದರೂ ಇದನ್ನೇ ಇಡಿ ಎಂದೆ. ಹೇಳಿದವನಿಗೇ ಧೈರ್ಯವಿರಲಿಲ್ಲ.

ಮರುದಿನ ಗ್ಲಾಸೆತ್ತಿ ಮದುಮಕ್ಕಳನ್ನು ಹರಸುವ ಟೋಸ್ಟಿನ ಹೊತ್ತಿಗೆ ಹಿರಿಯರಿಗೆಲ್ಲ ಪುಟ್ಟ ಗ್ಲಾಸುಗಳಲ್ಲಿ ಒಂದೊಂದು ಗುಟುಕು ಹಂಚಿದರು. ಗೋವಾದ ಮಾವ ಬಣ್ಣ ನೋಡಿದರು, ಗ್ಲಾಸಿನೊಳಗೆ ಮೂಗಿಟ್ಟು ಕಣ್ಣು ಮುಚ್ಚಿದರು. ಪೊರ್ಬುಗಳು ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಗಡಿಯಾರದ ಪಟ್ಟಿ ಅಚ್ಚೊತ್ತಿತು. ಮಾವ ಗುಟುಕರಿಸಿದರು, ಮತ್ತೊಮ್ಮೆ ಮೂಸಿದರು. ಆಮೇಲೆ ಕೊಂಕಣಿಯಲ್ಲಿ ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟರು: ಇದಕ್ಕೆ ಬೆಲೆ ಕಟ್ಟಲಾಗದು, ಈ ಕಾಫಿಯ ಪರಿಮಳ ನಿಜವಾಗಿ ಮಾಗಿದ ಪೋರ್ಟಿಗೆ ಮಾತ್ರ ಬರುವಂಥದ್ದು. ಬೀಗರು ಚಪ್ಪಾಳೆ ತಟ್ಟಿದರು. ನಾವಿಬ್ಬರು ಮುಖ ಮುಖ ನೋಡಿದರೆ ನಗು ತಡೆಯದೆಂದು ಒಬ್ಬರು ಸೀಲಿಂಗ್, ಒಬ್ಬರು ನೆಲ ನೋಡುತ್ತ ನಿಂತೆವು.

ಸಂಜೆ ಪೊರ್ಬುಗಳು ಉಳಿದ ಎರಡು ಗುಟುಕು ವೈನನ್ನು ಅದೇ ಬಾಟಲಿಯಲ್ಲಿ ಹಿಡಿದು ನಮ್ಮಲ್ಲಿಗೆ ಬಂದರು. ನಮ್ಮ ಮನೆಯ ಕಾಫಿಪುಡಿ ಗೋವಾದ ಮೂಗಿಗೇ ಮಣ್ಣೆರಚಿದ ಕತೆಯನ್ನು ಹೆಂಡತಿಗೆ ಹೇಳುತ್ತ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ನಗುತ್ತಿದ್ದ ಪೊರ್ಬುಗಳು ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ಆದ್ರೂ ಅವರು ಹೊಗಳಿದ್ದು ನನ್ನ ಬಾಟ್ಲಿಯನ್ನಲ್ಲ, ಅಲ್ವಾ?"

ಹೊಸ್ತಿಲಿನಾಚೆಯಿಂದ ಹೆಂಡತಿ ಹೇಳಿದಳು: "ನಾವು ಕುಡಿಯುವ ಕಾಫಿಯ ಬಟ್ಟೆಯನ್ನು ಹೆಂಡಕ್ಕೆ ಕೊಡ್ಲಿಕ್ಕೆ ನನಗೇನು ಮರುಳಾ? ಅದು ಇವರ ಹೊಸ ಪಂಚೆಯಿಂದ ಹರಿದು ಕೊಟ್ಟದ್ದು. ಅದಕ್ಕೆ ಕಾಫಿ ಸೋಕಿಯೇ ಇಲ್ಲ."

ಪಂಚೆಗಾಗಿ ಜಗಳವಾಡುವ ಸಮಯ ಅದಾಗಿರಲಿಲ್ಲ. ಪೊರ್ಬುಗಳು ಬಾಟಲಿಯನ್ನು ಮೂಗಿಗೆ ಹಿಡಿದರು, ಇಳಿಸಿದರು, ಮತ್ತೆ ಹಿಡಿದರು. ಅವರ ಕಣ್ಣು ತುಂಬಿತ್ತು. ಉಳಿದದ್ದನ್ನು ನಿಧಾನವಾಗಿ ಕುಡಿದರು. ಅಷ್ಟರಲ್ಲಿ ಹೆಂಡತಿ ಎಂದಿನಂತೆ ಕಾಫಿ ತಂದಿಟ್ಟಳು.

"ಈಗ ಬೇಡ ಅಕ್ಕ," ಎಂದರು. "ಇದರ ರುಚಿ ಸ್ವಲ್ಪ ಹೊತ್ತು ಬಾಯಲ್ಲೇ ಇರ್ಲಿ."

ಲೋಟದಲ್ಲಿ ಕಾಫಿ ಆರಿಹೋಯಿತು. ಒಂದು ಹನಿ ಕಾಫಿ ದಂಡವಾದರೂ ಗೊಣಗುವ ನನ್ನ ಹೆಂಡತಿ ಆ ಸಂಜೆ ಅದನ್ನು ತಾನೇ ಎತ್ತಿ ಬಚ್ಚಲಿಗೆ ಸುರಿದಳು.